ವಿಳಾಸದೊಳಗಿನ ಹುಳ

ಎ ಅಕ್ಷರ ತನ್ನ ಬಾಲವನ್ನೇ ಹೊದ್ದು ಮಲಗಿದ ಹಾಗಿದೆಯಲ್ಲ
ಇಮೇಲಿನ ನಡುವೆ, ಆ ಗುರುತು,
ನಮ್ಮ ಹಂಗೇರಿಯಲ್ಲಿ ಅದರ ಹೆಸರು ಹುಳ.
ಹಣ್ಣಿನೊಳಗಿರುವುದೂ ಅದೇ, ಗಾಳದ ತುದಿಯದೂ ಅದೇ.
ಬ್ಯಾಂಕಿನವರು, ಪಾದ್ರಿಗಳು, ನ್ಯಾಯಾಧೀಶರು,
ಹೇಳುವಾಗ ಯಾರೂ ನಗುವುದಿಲ್ಲ.

ಡೆಬ್ರೆಸೆನ್ನಿನ ಆಲಿಕಲ್ಲು ವಿಮೆ ಕಚೇರಿಯಲ್ಲಿ
ಹನ್ನೊಂದು ವರ್ಷದಿಂದ ನನ್ನ ಕಿವಿಗೆ ಇದೇ ಕೆಲಸ:
ಹೆಸರು, ಎಷ್ಟು ಮರ, ಎಷ್ಟು ಹೊತ್ತು ಬಿತ್ತು,
ಕೊನೆಗೆ ಇಮೇಲು.

ಗಚೋ ವೆಂಡೆಲ್ ಮಾತ್ರ ಪ್ರತಿ ಸಲ ಅಲ್ಲಿಗೆ ಬಂದು ತಡೆಯುತ್ತಿದ್ದ.
ಮಗಳು ಮಾಡಿಕೊಟ್ಟ ವಿಳಾಸ.
"ಹುಳಿಚೆರ್ರಿ..."
ಮುಂದೆ?
"ಮುಂದಿನದು ನಿಮಗೇ ಗೊತ್ತಲ್ಲ."
ನೀವೇ ಹೇಳಬೇಕು, ನಿಯಮ.
"ಮೂವತ್ತೆಂಟು ವರ್ಷ ಸಂತೆಯಲ್ಲಿ ನಿಂತು
ಹಣ್ಣು ಸೀಳಿ ಸೀಳಿ ತೋರಿಸಿದವನು ನಾನು,
ನೋಡಿ, ಇಲ್ಲ, ಇದರಲ್ಲೂ ಇಲ್ಲ, ಅಂತ.
ಈಗ ನನ್ನ ಬಾಯಿಂದಲೇ ಅದನ್ನ ಹೇಳಿಸ್ತೀರಾ?"

ಒಂದು ವರ್ಷ ಸುರುಳಿ ಅಂದ.
ಒಂದು ವರ್ಷ ಕಿವಿ ಅಂದ.
ಮತ್ತೊಂದು ವರ್ಷ ಎಲ್ಲೋ ಕೇಳಿಕೊಂಡು ಬಂದಿದ್ದ:
"ಗ್ರೀಸಿನವರು ಬಾತುಮರಿ ಅಂತಾರಂತೆ, ಅದನ್ನೇ ಬರ್ಕೊಳ್ಳಿ.
ಹೇಗೂ ಬಾತು ಹುಳ ತಿನ್ನುತ್ತೆ."
ಬರೆದುಕೊಂಡೆ. ನನ್ನ ಬೆರಳಿಗೆ ಎಲ್ಲ ಒಂದೇ ಗುಂಡಿ.

ಈ ಜೂನಿನಲ್ಲಿ, ಮಂಗಳವಾರ, ಏಳು ನಿಮಿಷ.
ಬೆಳಿಗ್ಗೆಯಿಂದ ಇನ್ನೂರು ಕರೆ.
ಅವನದು ಸಂಜೆ ಬಂತು. ಮರ ನಾನೂರ ಹತ್ತು.
ಇಮೇಲು ಎಂದು ಕೇಳಿ, ಎಂದಿನಂತೆ
ಕಾಫಿ ಲೋಟಕ್ಕೆ ಕೈ ಚಾಚಿದ್ದೆ, ಹೇಗೂ ಹೊತ್ತಾಗುತ್ತದೆ ಎಂದು.
"ಹುಳಿಚೆರ್ರಿಹುಳ," ಅಂದ
ಒಂದೇ ಉಸಿರಿಗೆ.
ನಾನು ಸುಮ್ಮನಾದೆ.
"ಬರ್ಕೊಳ್ಳಿ ತಾಯಿ.
ಈ ವರ್ಷ ತೋಟದಲ್ಲಿ ಉಳಿದಿರೋದು ಅದೊಂದೇ."

ತಪಾಸಣೆಗೆ ಹೋದ ಸಾಹೇಬರು ಬರೆದ ವರದಿ
ಮೂರು ವಾರದ ಮೇಲೆ ನನ್ನ ಮೇಜಿಗೆ ಬಂತು, ಕಳಿಸಲು.
ಬೆಳೆಗಾರನ ಪ್ರಕಾರ "ಪೂರ್ಣ" ನಷ್ಟ.
ಆ ಪದದ ಎರಡೂ ಬದಿಗೆ ಅಂಟಿಕೊಂಡ ಜೋಡಿ ಗೀರುಗಳಿಗೆ
ನಮ್ಮಲ್ಲಿ ಬೆಕ್ಕಿನುಗುರು ಅನ್ನುತ್ತಾರೆ.
ಅಷ್ಟು ದಿನ ಯಾಕೆ ಹಾಗನ್ನುತ್ತಾರೆಂದು ಯೋಚಿಸಿದವಳಲ್ಲ.
ಮುಟ್ಟುವ ಅಧಿಕಾರ ನನಗಿಲ್ಲ. ಟೈಪು ಮಾಡುವುದಷ್ಟೇ.

ಬಾಗಿಲ ಕಡೆ ಒಮ್ಮೆ ನೋಡಿದೆ.
ಎಡಗಡೆ ಎರಡು, ಬಲಗಡೆ ಎರಡು,
ನಾಲ್ಕೂ ಉಗುರು ಕತ್ತರಿಸಿ
ಹುಳದ ವಿಳಾಸಕ್ಕೆ ಕಳಿಸಿಬಿಟ್ಟೆ.