ಅರವತ್ಮೂರಕ್ಕ ನಿಂತದ್ದು

ಒಂದು ಡಿವಿಡಿಗೆ ನಲವತ್ತು ನಿಮಿಷ,
ದಿನಕ್ಕ ಹತ್ತು, ಕರೆಂಟು ಇದ್ದರ.
ದೀಪಾವಳಿ ಪಾಡ್ಯಕ್ಕ ಹಿಡಿದ ಕೆಲಸ
ಶಿವರಾತ್ರಿ ದಾಟಿದರೂ
ಇನ್ನೂ ಎರಡು ಚೀಲ ಉಳದಾವ.

ಮೆಣಸಿನಕಾಯಿ ಚೀಲ ಅವು. ಅಂಗಡಿ ಮುಚ್ಚಿದ ದಿನ
ಬ್ಯಾರೆ ಏನೂ ಸಿಕ್ಕಿದ್ದಿಲ್ಲ.
ಹನ್ನೆರಡು ವರ್ಷದ ಮ್ಯಾಲೆ ಬಾಯಿ ಬಿಚ್ಚಿದರ
ಮೊದಲು ಬಂದದ್ದು ಸೀನು,
ಸಿನಿಮಾ ಆಮ್ಯಾಲೆ.

‘ಮಾಮಾ, ನಿನ್ನ ಇಡೀ ಅಂಗಡಿ ಇದರಾಗ ಹಿಡಸ್ತೈತಿ’
ಅಂದಳು ತಂಗಿ ಮಗಳು ಸ್ನೇಹಲ್,
ಎಲಿ-ಅಡಿಕಿ ಡಬ್ಬಿಯಷ್ಟು ಒಂದು ಕರೀ ಪೆಟ್ಟಿಗಿ ತೋರಿಸಿ.
ಟಾಂಗಾಕೂಟದ ಹಿಂದಿನ ನಮ್ಮ ಅಂಗಡ್ಯಾಗ
ನಾನು ಕುಂತರ ಗಿರಾಕಿ ಹೊರಗ ನಿಲ್ಲಬೇಕಿತ್ತು.
ಆದರೂ ಹೂಂ ಅಂದೆ.
ಅಡುಗಿ ಮನಿ, ಪಡಸಾಲಿ, ಆಕಿ ಫೋನು,
ಕರದಲ್ಲಿ ಬರತಾವಂತ ಎಲ್ಲಾ,
ಬಾಡಿಗಿ ಇಲ್ಲದ, ಪಾವತಿ ಇಲ್ಲದ.

ನನ್ನ ಕೆಲಸ ಒರಸೂದು.
ಹಳೇ ಧೋತರದ ಚೂರು, ನಡುವಿನಿಂದ ಅಂಚಿಗೆ;
ಸುತ್ತು ತಿರುವಿ ಒರಸಿದರ ಕೆಟ್ಟಿತು.
ಬೆಳಕಿಗೆ ಹಿಡಿದರ ಗೊತ್ತಾಗತೈತಿ
ಯಾರ ಮನಿಗೆ ಹೋಗಿ ಬಂದದ್ದು:
ಅರಿಷಿಣದ ಬೆರಳು ಅಂಬೂಬಾಯಿದು.
ಮಗ್ಗದ ಎಣ್ಣಿ ಗಣಪತಸಾನದು,
ಪಾಳಿ ಮುಗಿಸಿ ಕೈ ತೊಳೀದ ಬರತಿದ್ದ.
ಚಾದ ಕಪ್ಪಿನ ಉಂಗುರ, ಕಟಿಂಗ್ ಅಂಗಡಿ ಮಾರುತಿ.
ದಂಡ ಹಾಕತೀನಿ ಅಂತ ಬೋರ್ಡು ಬರೆಸಿದ್ದೆ,
ಒಬ್ಬರಿಗೂ ಹಾಕಲಿಲ್ಲ.

ಮಶೀನು ಹೆಸರು ಕೇಳತೈತಿ.
ಹೆಸರಿನ ಚೀಟಿ ಇಲಿ ತಿಂದಾವ; ಉಳಿದದ್ದು ನನ್ನ ಅಕ್ಷರ:
‘ಹೊಡದಾಟ, ಚಲೋ ಐತಿ.’
‘ಅಳಸತೈತಿ. ಕೇಳಿದವರಿಗಷ್ಟ ಕೊಡು.’
‘ಎರಡನೇದು ಹಾಕು, ಮೊದಲನೇದರಾಗ ಏನೂ ಇಲ್ಲ.’
ಸ್ನೇಹಲ್ ನಕ್ಕೋತ ಅದನ್ನ ಹಂಗ ಟೈಪ್ ಮಾಡಿದಳು.

ನಂಬರ್ ನಾನೂರ ಹದಿನೇಳು
ಅರವತ್ಮೂರಕ್ಕ ನಿಂತಿತು.
ಗುರ್ ಅಂತು, ಹಿಂದ ಸರೀತು, ಮತ್ತ ಅಲ್ಲೇ.
ಟೂತ್‌ಪೇಸ್ಟ್ ಹಚ್ಚಿ ಒರಸಿದೆ. ಅರವತ್ಮೂರು.
ರಾತ್ರಿ ತಣ್ಣಗ ಇಟ್ಟು ಮುಂಜಾನೆ ಹಾಕಿದೆ. ಅರವತ್ಮೂರು.
ಖಾತೆವಹಿ ತಗದೆ.

ಹಜರತಬಿ, ಕೌದಿ ಹೊಲಿಯಾಕಿ.
ಹತ್ತೊಂಬತ್ತು ಸಲ. ಶನಿವಾರ ಒಯ್ದರ
ಸೋಮವಾರ ಕದ ತೆಗೆಯೂದರಾಗ ಮೆಟ್ಟಲ ಮ್ಯಾಲೆ.
ಹೀರೋ ಯಾರು ಅಂತ ಆಕಿಗೆ ಗೊತ್ತಿದ್ದಿಲ್ಲ.
‘ಅದರಾಗ ನಮ್ಮ ಕುದುರಿ ಐತಿ’ ಅಂದಿದ್ದಳು ಒಮ್ಮೆ.
ಶೂಟಿಂಗಿನವರು ಅವರಪ್ಪನ ಟಾಂಗಾ
ಒಂದು ದಿನಕ್ಕ ಗೊತ್ತು ಮಾಡಿದ್ದರಂತ;
ಸ್ಟೇಷನ್ ಮುಂದ, ಎಡದಿಂದ ಬಲಕ್ಕ, ನಾಕು ಸೆಕೆಂಡು.
ಬಿಳೀ ಕುದುರಿ, ಒಂದು ಕಿವಿ ಕಂದು.
ಅಪ್ಪನ ಬೆನ್ನಷ್ಟ ಕಾಣತೈತಿ.

‘ನೋಡಿ ನೋಡಿ ಡಿಸ್ಕು ಸವಿಯೂದಿಲ್ಲ ಮಾಮಾ,
ಅದು ಬರೇ ಬೆಳಕು, ಮುಟ್ಟೂದ ಇಲ್ಲ.’
ಇರಬಹುದು.
ಕೆಟ್ಟ ಜಾಗ ಜಿಗಿಸೂ ಉಪಾಯ ಆಕಿಗೆ ಗೊತ್ತಿತ್ತು.
ಜಿಗಿಸಿದಳು. ನೂರಕ್ಕ ನೂರು.
ಹಾಕಿ ನೋಡಿದರ ಸ್ಟೇಷನ್ ಬಂತು, ಮಂದಿ ಬಂದರು,
ಹೀರೋ ರೈಲು ಇಳದ, ಎಲ್ಲೂ ತಡೀಲಿಲ್ಲ.
ಟಾಂಗಾ ಬರಲಿಲ್ಲ.

ಮರುದಿನ ಡಿಸ್ಕು ಕಿಸೇದಾಗ ಇಟ್ಟುಕೊಂಡು ಬೆಟಗೇರಿಗೆ ಹೋದೆ.
ಅಂಗಡಿ ಮುಚ್ಚಿದ್ದು ಆಕಿಗೂ ಗೊತ್ತು;
ಆದರೂ ಹತ್ತರ ನೋಟು ಕೈಯಾಗ ತುರುಕಿ
‘ಸೋಮವಾರ ಕೊಡತೀನ್ರಿ’ ಅಂದಳು.
ಪ್ಲೇಯರಿಗೆ ಮುಚ್ಚಳ ಇಲ್ಲ, ರಬ್ಬರ್ ಬ್ಯಾಂಡಿನ ಮ್ಯಾಲೆ ಜೀವ.
ಕೌದಿ ಸರಿಸಿ ನನಗ ಜಾಗ ಮಾಡಿದಳು.

ಸ್ಟೇಷನ್. ಮಂದಿ. ಎಡಗಡೆಯಿಂದ ಒಂದು ಕಂದು ಕಿವಿ.
ಅಲ್ಲಿಗೆ ಚಿತ್ರ ಚೌಕ ಚೌಕ ಒಡದು
ಕುದುರಿ ಎತ್ತಿದ ಕಾಲು ಎತ್ತಿದಂಗ ನಿಂತಿತು.
ನಾನು ಏಳಾಕ ಹೋದೆ, ತಗದು ಒರಸೂಣು ಅಂತ.

ಹಜರತಬಿ ಸೂಜಿ ಕೌದ್ಯಾಗ ಚುಚ್ಚಿಟ್ಟು,
ಟೀವಿಯಿಂದ ಕಣ್ಣು ತೆಗೀದ ಅಂದಳು:
‘ತಡೀರಿ ಅಣ್ಣಾರ. ಇಡತೈತಿ.’