ಜಿಡ್ಡು

ಮೊದಲು ನಮಸ್ಕಾರ ಅಂದುಕೊಂಡೆ.
ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೊತ್ತಿ,
ಹಿಂಭಾಗ ಮಾತ್ರ ಎತ್ತಿ ನಿಂತಿದ್ದ
ಶಾನುಭೋಗ, ಅಡುಗೆಮನೆಯ ಹೀಟರಿನ ಮುಂದೆ.
ನಗು ಬಂತು. ಫೋಟೋ ಕೂಡ ತೆಗೆದೆ.

ಅದು ನೋವಂತೆ.
ಹೊಟ್ಟೆಯ ಬಿಗಿ ಸಡಿಲವಾಗಲೆಂದು
ಪ್ರಾಣಿ ತಾನೇ ಕಂಡುಕೊಂಡ ಉಪಾಯವಂತೆ.
ಬ್ಯಾಲರಾಟಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮೊರ್ವೆನ್
ಹೇಳಿದ ಹೆಸರನ್ನು ಮೂರು ಸಲ ಕೇಳಿಸಿಕೊಂಡ ಮೇಲೆ
ಏಳನೇ ಕ್ಲಾಸಿನಲ್ಲಿ ಉರು ಹೊಡೆದದ್ದು ತಟ್ಟನೆ ಎದ್ದು ಬಂತು:
ಮೇದೋಜೀರಕ.
ಅದರಲ್ಲಿ ಜೀರಿಗೆ ಇರುತ್ತದೆ ಅಂದುಕೊಂಡಿದ್ದೆ ಆಗ.
ಎರಡು ಅಂಕದ ಪ್ರಶ್ನೆ.

'ತನ್ನನ್ನು ತಾನೇ ಅರಗಿಸಿಕೊಳ್ಳುತ್ತಿದೆ,' ಅಂದಳು,
'ಜಿಡ್ಡೇನಾದರೂ ತಿಂದನೇ?'

ನೆಲ ನೋಡಿದೆ.
ಬೆಣ್ಣೆ ಕಾಯಿಸಿದ ಶನಿವಾರ.
ಬಾಣಲೆಯ ತಳದ ಗಸಿ, ಕಂದು ಕಂದು, ಬಿಸಿ ಬಿಸಿ,
ಸಕ್ಕರೆ ಬೆರೆಸಿ ನಾವು ಐದು ಮಕ್ಕಳು
ಕಿತ್ತಾಡಿಕೊಂಡು ತಿನ್ನುತ್ತಿದ್ದದ್ದು.
ಇಲ್ಲಿ ಕಿತ್ತಾಡಲು ಯಾರೂ ಇಲ್ಲ.
ಬಾಣಲೆಯನ್ನೇ ಅವನ ಮುಂದಿಟ್ಟೆ.
ಗಡ್ಡ ಮೀಸೆಗೆಲ್ಲ ಮೆತ್ತಿಕೊಂಡು
ಲೆಕ್ಕ ಚುಕ್ತಾ ಮಾಡಿದವನ ಗತ್ತಿನಲ್ಲಿ ತಲೆ ಎತ್ತಿದ್ದ.

ಸ್ನೇಹ ಅಂದರೂ ಜಿಡ್ಡೇ, ಅನ್ನುತ್ತಿದ್ದರು ಅಪ್ಪ,
ಎಣ್ಣೆಗೂ ಗೆಳೆತನಕ್ಕೂ ಸಂಸ್ಕೃತದಲ್ಲಿ ಒಂದೇ ಮಾತಂತೆ.
ಅದನ್ನೆಲ್ಲ ಆಕೆಗೆ ಹೇಳಲು ಹೋಗಲಿಲ್ಲ.
'ಸ್ವಲ್ಪ ಬೆಣ್ಣೆ' ಅಂದೆ.
'ಸ್ವಲ್ಪ' ಅಂತ ಬರೆದುಕೊಂಡಳು.

ಮೂರು ರಾತ್ರಿ ಅಲ್ಲೇ, ಕಾಲಿಗೆ ಡ್ರಿಪ್ಪು,
ಕೂದಲು ಬೋಳಿಸಿದ ಜಾಗಕ್ಕೆ ನೇರಳೆ ಪಟ್ಟಿ.
ಹಲಗೆಯ ಮೇಲೆ ಹೆಸರು 'ಶಾನ್'.
ಬಿಲ್ಲಿನ ಮೇಲೂ ಶಾನ್.
ಅಷ್ಟು ದುಡ್ಡಿಗೆ ಪೂರ್ತಿ ಹೆಸರಾದರೂ ಬರೆಯಬಹುದಿತ್ತು.

ಈಗ ಮನೆಯಲ್ಲಿದ್ದಾನೆ.
ಬೆಳಗಿನ ಐದಕ್ಕೆ ಹೊರಗೆ ಹುಲ್ಲೆಲ್ಲ ಹೆಪ್ಪುಗಟ್ಟಿ ಕರುಮುರು.
ಒಳಗೆ ಕುಕ್ಕರಿನಲ್ಲಿ ಚರ್ಮ ಸುಲಿದ ಕೋಳಿಯೆದೆ,
ಪಕ್ಕದಲ್ಲಿ ಮುದ್ದೆಯಾದ ಅನ್ನ.
ನೀರು ಆರಿದ ಮೇಲೆ ಕೆನೆಗಟ್ಟುವ ಕೊಬ್ಬನ್ನು
ಚಮಚದಲ್ಲಿ ತೆಗೆಯುತ್ತೇನೆ, ಫ್ರಿಜ್ಜಿಗಿಟ್ಟು ಮತ್ತೆ ತೆಗೆಯುತ್ತೇನೆ,
ಕಾಗದದ ಮೇಲೆ ಒತ್ತಿ ನೋಡುತ್ತೇನೆ, ಕಲೆ ಬಿದ್ದರೆ
ಇನ್ನೊಂದು ಸಲ.
ಉಪ್ಪಿಲ್ಲ, ಒಗ್ಗರಣೆಯಂತೂ ಇಲ್ಲ.
ನಾಲ್ಕು ಚಮಚ, ದಿನಕ್ಕೆ ಐದು ಹೊತ್ತು.
ಮೊದಲೆರಡು ದಿನ ಮೂಸಿ ಮುಖ ತಿರುಗಿಸಿದ.
ಬೆರಳಿಗೆ ಹಚ್ಚಿ ಹಿಡಿದಾಗ ಮಾತ್ರ
ಬೆರಳನ್ನಷ್ಟೇ ನೆಕ್ಕಿ, ಅನ್ನ ಬಿಟ್ಟ.
ಎಷ್ಟು ತೊಳೆದರೂ ಕೈಯಲ್ಲಿ ತುಪ್ಪದ ವಾಸನೆ ಇತ್ತೇನೋ.

ಪಕ್ಕದ ಮನೆಯ ಡೆಸ್ಮಂಡ್ ಬೇಲಿಯ ಮೇಲಿಂದ
ಸಾಸೇಜಿನ ತುಂಡು ಎಸೆಯುವುದು ಆರು ವರ್ಷದ ರೂಢಿ.
ಹೋಗಿ ಕೈಮುಗಿದೆ.
ಅರ್ಥವಾಗದೆ ಅವನೂ ಕೈಮುಗಿದ.
ಬಿಡಿಸಿ ಹೇಳಿದ್ದಕ್ಕೆ ಅವತ್ತಿನಿಂದ
ಬರಿಗೈಯಲ್ಲಿ ಬಂದು ನಿಲ್ಲುತ್ತಾನೆ,
ಏನು ಮಾಡಬೇಕೆಂದು ತೋಚದೆ
ಗಡ್ಡ ಕೆರೆಯುತ್ತಾನೆ, ನಾಯಿಯದ್ದು.

ಇವತ್ತು ಎದ್ದವನೇ ಮುಂಗಾಲು ಚಾಚಿದ, ಎದೆ ನೆಲಕ್ಕೆ,
ಹಿಂಭಾಗ ಮೇಲಕ್ಕೆ.
ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.
ಕರೆ ಮಾಡಲೋ, ಕಾರಿನ ಬೀಗದಕೈ ಎಲ್ಲಿ,
ಅಷ್ಟರಲ್ಲಿ ದೊಡ್ಡದಾಗಿ ಆಕಳಿಸಿ
ಮೈ ಒದರಿ, ಬಟ್ಟಲಿನ ಪಕ್ಕ ಬಂದು
ಬಾಕಿ ವಸೂಲಿಗೆ ಕೂತ.

ಇನ್ನೂ ಇಪ್ಪತ್ತು ನಿಮಿಷ ಇದೆ, ಶಾನುಭೋಗರೇ.