ಹರತಾಳದ ಶನಿವಾರ

ಪ್ರವೇಶ ಉಚಿತ. ಅಲ್ಲಿ ದುಡ್ಡು ಎಣಿಸಿಕೊಳ್ಳುವವ
ನಾನೊಬ್ಬನೇ, ಮೈಕಿನವ.
ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಇನ್ನೂರು ರೂಪಾಯಿ.
ತಿಂಗಳ ಎರಡನೇ ಶನಿವಾರ ಮುಳ್ಳೇರಿಯದಲ್ಲಿ
ನೇಕಾರರ ಸೊಸೈಟಿಯ ಮಾಳಿಗೆ ಹತ್ತುತ್ತೇನೆ.

ಚರಿತ್ರೆಯವರು 'ಪ' ಬಂದಲ್ಲೆಲ್ಲ ಮೈಕಿಗೆ ಊದುತ್ತಾರೆ;
ಪೋರ್ಚುಗೀಸರ ಪಡೆ ಪಟಾಕಿಯಾಗಿ ಸಿಡಿಯುತ್ತದೆ.
ಕಾನೂನಿನವರು ಕೆಮ್ಮಿ, ಕಲಮಿನ ನಂಬರು ಹೇಳಿ,
ಮತ್ತೆ ಕೆಮ್ಮುತ್ತಾರೆ.
ವಿಜ್ಞಾನದ ಹುಡುಗಿ ಬೋರ್ಡಿನ ಕಡೆ ತಿರುಗಿದಳೋ
ಅರ್ಧ ಆಕಾಶಗಂಗೆ ಯಾರಿಗೂ ಕೇಳುವುದಿಲ್ಲ.
ಹದಿನೇಳು ವರ್ಷ ನಾನು ಮಾತು ಕೇಳಿದವನಲ್ಲ,
ಬರೀ ದನಿ ನೋಡಿಕೊಂಡವ.
ಹಾಗೆಂದುಕೊಂಡಿದ್ದೆ.

ಆ ಶನಿವಾರ ಹರತಾಳ.
ಬಸ್ಸಿಲ್ಲ, ಜೀಪಿಲ್ಲ, ಪೇಟೆಯ ಶಟರುಗಳೆಲ್ಲ ಕಣ್ಣು ಮುಚ್ಚಿವೆ.
ಪಯ್ಯನ್ನೂರಿನಿಂದ ಬರಬೇಕಿದ್ದ ಪ್ರೊಫೆಸರು
ಪಯ್ಯನ್ನೂರಲ್ಲೇ.
ಸಾಮಾನು ಹಿಂದಿನ ದಿನವೇ ಮಾಳಿಗೆಯಲ್ಲಿತ್ತು,
ಅದನ್ನು ಕಾಯಲೆಂದು ನಡೆದು ಹೋದೆ.
ನಡೆದೇ ಬಂದರು ಇನ್ನೂ ಒಂಬತ್ತು ಮಂದಿ.

ಬೀಡಿ ಬ್ರಾಂಚಿನ ಕಲ್ಯಾಣಿಯಕ್ಕ,
ಮಡಿಲಲ್ಲಿ ಸೂಪಿಲ್ಲದೆ ಬೆರಳು ಸುಮ್ಮನಿರದೆ
ಸೆರಗಿನ ಅಂಚನ್ನೇ ಸುರುಳಿ ಸುತ್ತುತ್ತಿವೆ.
ಕುಂಞಂಬುವಿಗೆ ಕನ್ನಡ ಅರ್ಧ ತಿಳಿಯುತ್ತದೆ,
ಉಳಿದರ್ಧಕ್ಕೆ ಪಕ್ಕದವರ ಮುಖ ನೋಡುತ್ತಾನೆ.
ಐತ್ತಪ್ಪ ಮೇಸ್ಟ್ರು ಗಡಿಯಾರ ನೋಡಿದರು, ನನ್ನನ್ನು ನೋಡಿದರು:
'ಹೇಗೂ ಮೈಕುಂಟು. ನೀನೇ ಏನಾದರೂ ಹೇಳು ಮಾರಾಯ.'

ನನಗೆ ಗೊತ್ತಿರುವುದು ಎರಡೇ ಶಬ್ದ.
ಹಲೋ, ಎಂದೆ. ಚೆಕ್, ಎಂದೆ.
ಹಾರ್ನು ಅದನ್ನು ಖಾಲಿ ಪೇಟೆಗೆಲ್ಲ ಹಂಚಿ
ಎದುರಿನ ಅಕ್ಕಿಮಿಲ್ಲಿನ ಗೋಡೆಯಿಂದ ಚಿಲ್ಲರೆ ವಾಪಸು ತಂದಿತು.
ಶಬ್ದ ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರು, ಎಂದುಬಿಟ್ಟೆ.
ಆ ಹುಡುಗಿಯ ಮಾತು
ನನ್ನ ಬಾಯಲ್ಲಿ ಯಾವಾಗ ಬಂದು ಕೂತಿತೋ!

ಆಮೇಲೆ ಹೇಳಿದೆ, ಮೈಕು ಕಿರುಚುವುದು ಯಾಕೆಂದು.
ಹಾರ್ನಿಗೆ ಎದುರಾದರೆ ಅದು ಆಡಿದ್ದನ್ನೇ ಅದು ಕೇಳುತ್ತದೆ,
ಕೇಳಿದ್ದನ್ನೇ ಇನ್ನೂ ಜೋರಾಗಿ ಆಡುತ್ತದೆ,
ಮತ್ತೆ ಅದನ್ನೇ ಕೇಳುತ್ತದೆ.
ಬೇರೆ ದನಿಗೆ ಕಾಲಿಡಲು ಜಾಗವಿಲ್ಲ.
ಹಿಡಿದೂ ತೋರಿಸಿದೆ. ಅಂಗಳದ ಕಾಗೆಗಳೆಲ್ಲ ಎದ್ದವು.

ಕಲ್ಯಾಣಿಯಕ್ಕ ಕೈ ಎತ್ತಿದರು.
ಇಷ್ಟು ವರ್ಷದಲ್ಲಿ ಮೊದಲ ಸಲ.
'ಅದನ್ನು ನಿಲ್ಲಿಸುವುದು ಹೇಗೆ?'
'ಮೈಕು ಹಿಡಿದವ ಎರಡು ಹೆಜ್ಜೆ ಸರಿಯಬೇಕು.
ಇಲ್ಲದಿದ್ದರೆ ಯಾರಾದರೂ ಎದ್ದು ಬಂದು ದನಿ ಇಳಿಸಬೇಕು.'
ಕುಂಞಂಬು ಅದನ್ನು ಮಲಯಾಳದಲ್ಲಿ
ತನಗೇ ಒಮ್ಮೆ ಹೇಳಿಕೊಂಡ.

ಮೇಸ್ಟ್ರು ದಾಖಲೆ ಪುಸ್ತಕ ಬಿಡಿಸಿ ನನ್ನ ಹೆಸರು ಕೇಳಿದರು.
ರಶೀದಿಯಲ್ಲಿ ಈವರೆಗೆ 'ಮೈಕ್' ಎಂದಷ್ಟೇ ಇತ್ತು.
ಕೊರಗಪ್ಪ, ಎಂದೆ. ದಪ್ಪ ಅಕ್ಷರದಲ್ಲಿ ಬರೆದರು.
ಇನ್ನೂರರ ನೋಟು ಹೊರಗೆ ತೆಗೆದವರು ತಡೆದು ನಿಂತರು:
ಉಪನ್ಯಾಸಕರಿಗೆ ಕೊಡುವ ಪದ್ಧತಿ ಇಲ್ಲವಲ್ಲ.

ಕೈ ಚಾಚಿ ತಗೊಂಡೆ.
ಹಾರ್ನಿನ ಬಾಡಿಗೆ ಬೇರೆ.